ನಾರ್ವೆ ಹೊರಗಿದ್ದೂ ಶ್ರೀಮಂತ ಅಲ್ವಾ ಅಂತ ಕೇಳಿದ ಹುಡುಗನಿಗೆ

ಹೋದ ರಾಜ್ಯೋತ್ಸವದ ದಿನ ಊಟದ ಸಾಲಿನಲ್ಲಿ ಶುರುವಾದ ಮಾತು ಇದು. ಡಬ್ಲಿನ್ನಿನಲ್ಲಿ ನಾವು ಕನ್ನಡದವರು ಸೇರಿದರೆ ಮನೆ ಬಾಡಿಗೆ, ಮಕ್ಕಳ ಶಾಲೆ, ಊರಿನ ಮಳೆ ಬೆಳೆ, ಇಷ್ಟೇ ಮಾತು. ಅವತ್ತು ಹೇಗೋ ಯುರೋಪಿಯನ್ ಒಕ್ಕೂಟದ ವಿಷಯ ಬಂತು. ಹೊಸದಾಗಿ ಕೆಲಸಕ್ಕೆ ಬಂದ ಹುಡುಗನೊಬ್ಬ ಕೇಳಿದ: "ಅಣ್ಣಾ, ನಾರ್ವೆ ಒಕ್ಕೂಟದಲ್ಲಿಲ್ಲ, ಸ್ವಿಟ್ಜರ್ಲೆಂಡೂ ಇಲ್ಲ. ಇಬ್ಬರ ಹತ್ರಾನೂ ದುಡ್ಡು ಕೊಳೀತಾ ಬಿದ್ದಿದೆ. ಮತ್ತೆ ಐರ್ಲೆಂಡ್ ಯಾಕೆ ಒಳಗೆ ಕೂತಿದೆ?"

ಒಳ್ಳೆಯ ಪ್ರಶ್ನೆ. ಕೈಯಲ್ಲಿ ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡು ಉತ್ತರ ಕೊಡಲಾಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ.

ಮೊದಲು ನಾರ್ವೆ. ಅಲ್ಲಿನ ಜನ ಎರಡು ಸಲ ಮತ ಹಾಕಿ ಬೇಡ ಅಂದರು, 1972ರಲ್ಲಿ ಒಮ್ಮೆ, 1994ರಲ್ಲಿ ಇನ್ನೊಮ್ಮೆ. ಎರಡನೇ ಸಲ ಬೇಡ ಅಂದವರು ನೂರಕ್ಕೆ 52 ಚಿಲ್ಲರೆ, ಅಷ್ಟೇ. ಮೀನುಗಾರರು ಮತ್ತು ರೈತರು ಗಟ್ಟಿಯಾಗಿ ವಿರೋಧಿಸಿದ್ದರು. ಆದರೆ ಅವರ ಸಮುದ್ರದಲ್ಲಿ 1969ರಲ್ಲೇ ದೊಡ್ಡ ಎಣ್ಣೆ ನಿಕ್ಷೇಪ ಸಿಕ್ಕಿತ್ತು. ಆ ದುಡ್ಡನ್ನು ಅವರು ಜಾಣತನದಿಂದ ಒಂದು ಸರ್ಕಾರಿ ನಿಧಿಯಲ್ಲಿ ಕೂಡಿಟ್ಟರು. ಇವತ್ತು ಜಗತ್ತಿನ ಷೇರುಪೇಟೆಗಳಲ್ಲಿರುವ ಎಲ್ಲ ಷೇರುಗಳಲ್ಲಿ ನೂರಕ್ಕೆ ಒಂದಕ್ಕಿಂತ ಜಾಸ್ತಿ ಪಾಲು ಆ ನಿಧಿಯದ್ದೇ. ನಾರ್ವೆಯ ಸಿರಿ ಬಂದಿದ್ದು ಎಣ್ಣೆಯಿಂದ ಮತ್ತು ಉಳಿತಾಯದಿಂದ. ಒಕ್ಕೂಟದ ಹೊರಗೆ ಉಳಿದದ್ದರಿಂದ ಬಂತು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಇನ್ನೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. ನಾರ್ವೆ ಪೂರ್ತಿ ಹೊರಗಿಲ್ಲ. ಮೀನು, ಬೇಸಾಯ ಬಿಟ್ಟರೆ ಒಕ್ಕೂಟದ ಮಾರುಕಟ್ಟೆಗೆ ಅದು ಸೇರಿಕೊಂಡಿದೆ. ಅದಕ್ಕಾಗಿ ದುಡ್ಡು ಕಟ್ಟುತ್ತದೆ. ಒಕ್ಕೂಟದ ದೇಶಗಳವರು ಬಂದು ಕೆಲಸ ಮಾಡಲು ಬಾಗಿಲು ತೆರೆದಿದೆ. ಒಕ್ಕೂಟದ ಆಡಳಿತ ಇರುವ ಬ್ರಸೆಲ್ಸ್‌ನಲ್ಲಿ ಮಾಡಿದ ಮಾರುಕಟ್ಟೆ ಕಾನೂನುಗಳನ್ನು ತನ್ನ ದೇಶದಲ್ಲೂ ಜಾರಿ ಮಾಡುತ್ತದೆ. ಆದರೆ ಆ ಕಾನೂನು ಮಾಡುವಾಗ ಅದಕ್ಕೆ ಮತ ಇಲ್ಲ. ಕಾನೂನು ಫ್ಯಾಕ್ಸಿನಲ್ಲಿ ಬರುತ್ತದೆ, ನಾವು ಪಾಲಿಸುತ್ತೇವೆ ಎಂದು ನಾರ್ವೆಯವರೇ ಇದನ್ನು ಫ್ಯಾಕ್ಸ್ ಪ್ರಜಾಪ್ರಭುತ್ವ ಅನ್ನುವುದುಂಟು. ಎಣ್ಣೆ ಇರುವವರು ಇದನ್ನು ತಡೆದುಕೊಳ್ಳಬಹುದು.

ಸ್ವಿಟ್ಜರ್ಲೆಂಡಿನದ್ದೂ ಹೆಚ್ಚುಕಡಿಮೆ ಇದೇ ಕಥೆ. ನಾರ್ವೆಯ ಹಾಗೆ ಒಂದೇ ಒಪ್ಪಂದದಲ್ಲಿ ಮಾರುಕಟ್ಟೆ ಸೇರುವುದು ಬೇಡ ಅಂತ 1992ರಲ್ಲಿ ಮತ ಹಾಕಿದರು. ಆಮೇಲೆ ಒಂದೊಂದು ವಿಷಯಕ್ಕೆ ಒಂದೊಂದು ಅಂತ ನೂರಕ್ಕೂ ಜಾಸ್ತಿ ಒಪ್ಪಂದ ಮಾಡಿಕೊಳ್ಳಬೇಕಾಯಿತು. 2014ರಲ್ಲಿ ವಲಸೆಗೆ ಮಿತಿ ಹಾಕಲು ಮತ ಹಾಕಿದರು. ಅದರಿಂದ ಒಕ್ಕೂಟದ ಜೊತೆ ವಿದ್ಯಾರ್ಥಿ ವಿನಿಮಯದ ಎರಾಸ್ಮಸ್ ಯೋಜನೆಯ ಮಾತುಕತೆಯೇ ನಿಂತುಹೋಯಿತು.

ಈಗ ಐರ್ಲೆಂಡಿಗೆ ಬರೋಣ. ನಾನು ಬದುಕು ಕಟ್ಟಿಕೊಂಡ ದೇಶ, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

1973ರ ಜನವರಿ 1ರಂದು ಐರ್ಲೆಂಡ್, ಬ್ರಿಟನ್, ಡೆನ್ಮಾರ್ಕ್ ಒಟ್ಟಿಗೆ ಒಕ್ಕೂಟಕ್ಕೆ ಸೇರಿದವು. ಸೇರಬೇಕೋ ಬೇಡವೋ ಎಂದು ಐರ್ಲೆಂಡ್ ಜನರನ್ನು ಕೇಳಿದಾಗ ನೂರಕ್ಕೆ 83 ಜನ ಹೌದು ಅಂದಿದ್ದರು. ಆಗ ಇದು ಬಡ ದೇಶ. ಹೊರಗೆ ಮಾರುವ ಸರಕಿನಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ದೇಶಕ್ಕೆ, ಬ್ರಿಟನ್ನಿಗೆ, ಹೋಗುತ್ತಿತ್ತು. ದನದ ಮಾಂಸ, ಬೆಣ್ಣೆ, ಹಾಲಿನ ಪದಾರ್ಥ. ದುಡ್ಡಿನ ಬೆಲೆ ಕೂಡ ಬ್ರಿಟಿಷ್ ಪೌಂಡಿಗೇ ಕಟ್ಟಿಹಾಕಿತ್ತು. ಸ್ವಾತಂತ್ರ್ಯ ಬಂದು 50 ವರ್ಷ ಆಗಿದ್ದರೂ ಇವರ ಮಾಲಿಗೆ ಲಂಡನ್ನೇ ಬೆಲೆ ಕಟ್ಟುತ್ತಿತ್ತು. ಇರುವುದು ಒಬ್ಬನೇ ಗಿರಾಕಿ ಅಂದಮೇಲೆ ಬೆಲೆ ಹೇಳುವವನು ಅವನೇ ತಾನೆ?

ಒಳಗೆ ಹೋದ ಮೇಲೆ ಗಿರಾಕಿಗಳು ಹೆಚ್ಚಾದರು. ರೈತರಿಗೆ ಒಕ್ಕೂಟದ ಬೆಂಬಲ ಬೆಲೆ ಸಿಕ್ಕಿತು. ರಸ್ತೆಗಳಿಗೆ ದುಡ್ಡು ಬಂತು. ಯುರೋಪಿಗೆಲ್ಲ ಮಾಲು ಕಳಿಸಲು ಇದು ಇಂಗ್ಲಿಷ್ ಮಾತಾಡುವ, ತೆರಿಗೆ ಕಡಿಮೆ ಇರುವ ಜಾಗ ಎಂದು ಅಮೆರಿಕದ ಕಂಪನಿಗಳು ಬಂದವು. ಔಷಧ, ಕಂಪ್ಯೂಟರ್ ಚಿಪ್, ಸಾಫ್ಟ್‌ವೇರ್. ನಮ್ಮಂಥವರು ಬೆಂಗಳೂರಿನಿಂದ ಇಲ್ಲಿಗೆ ಬಂದಿದ್ದೂ ಅದರಿಂದಲೇ ಅಲ್ವಾ? ಒಂದು ಸಣ್ಣ ಸಂಗತಿ ನನಗೆ ತುಂಬಾ ಮುಖ್ಯ ಅನಿಸುತ್ತದೆ. ಹೆಂಗಸರಿಗೂ ಗಂಡಸರಷ್ಟೇ ಸಂಬಳ ಕೊಡಬೇಕೆಂದು ಯುರೋಪ್ ನಿಯಮ ಮಾಡಿದಾಗ, ಐರ್ಲೆಂಡ್ ಸರ್ಕಾರ ತನಗೆ ವಿನಾಯಿತಿ ಬೇಕೆಂದು ಕೇಳಿತ್ತು. ಬ್ರಸೆಲ್ಸ್ ಆಗಲ್ಲ ಅಂದಿತು. ಹೆಂಗಸರ ಕೈಗೆ ಪೂರ್ತಿ ಸಂಬಳ ಬರುವುದು ಆರ್ಥಿಕತೆಯ ವಿಷಯವೇ.

ನೋವು ಆಗಿಲ್ಲ ಅಂತ ನಾನು ಹೇಳುವುದಿಲ್ಲ. ಆಗಿದೆ, ತುಂಬಾ ಆಗಿದೆ. 2008ರಲ್ಲಿ ಇಲ್ಲಿನ ಬ್ಯಾಂಕುಗಳು ಮುಳುಗಿದವು. ಸರ್ಕಾರ ಅವುಗಳ ಸಾಲಕ್ಕೆ ಜಾಮೀನು ನಿಂತಿತು. ಕೊನೆಗೆ ಬ್ಯಾಂಕುಗಳಿಗೆ ಸುರಿದ ದುಡ್ಡು ಸುಮಾರು 6,400 ಕೋಟಿ ಯೂರೋ. 2010ರಲ್ಲಿ ಯುರೋಪ್ ಮತ್ತು ಅಂತರರಾಷ್ಟ್ರೀಯ ಹಣಕಾಸು ನಿಧಿ ಐಎಂಎಫ್ ಮುಂದೆ ಕೈಚಾಚಬೇಕಾಯಿತು. ಕೆಲಸ ಹೋಯಿತು, ಸಂಬಳ ಕತ್ತರಿಸಿದರು, ಹುಡುಗರು ಆಸ್ಟ್ರೇಲಿಯಾಕ್ಕೆ, ಕೆನಡಾಕ್ಕೆ ಹೊರಟರು. ಯೂರೋ ಇದ್ದದ್ದರಿಂದ ದುಡ್ಡಿನ ಬೆಲೆ ಇಳಿಸುವ ದಾರಿಯೂ ಇರಲಿಲ್ಲ. ಅದೇ ಹೊತ್ತಿಗೆ ಐಸ್‌ಲ್ಯಾಂಡ್ ಒಕ್ಕೂಟದ ಹೊರಗಿತ್ತು. ಅಲ್ಲೂ ಬ್ಯಾಂಕುಗಳು ಬಿದ್ದವು. ಅವರು ಬೀಳಲು ಬಿಟ್ಟರು. ಅವರ ದುಡ್ಡು ಕ್ರೋನಾದ ಬೆಲೆ ಹತ್ತಿರಹತ್ತಿರ ಅರ್ಧಕ್ಕೆ ಇಳಿಯಿತು. ಜನರ ಕಂತು, ಸಾಮಾನಿನ ಬೆಲೆ ಏರಿ ಒದ್ದಾಡಿದರು, ಆದರೆ ಮೀನು ಮತ್ತು ಪ್ರವಾಸಿಗರಿಂದ ಮೇಲೆದ್ದರು. ಹೊರಗಿದ್ದವರಿಗೆ ಅನುಕೂಲವಾದ ಜಾಗ ಇದು. ಗ್ರೀಸಿನ ಜನ ಪಟ್ಟ ಪಾಡು ನೆನೆದರೆ ಇದನ್ನು ಇನ್ನೂ ಗಟ್ಟಿಯಾಗಿ ಹೇಳಬೇಕು. ಅಲ್ಲಿ ಆರ್ಥಿಕತೆಯ ಕಾಲು ಭಾಗವೇ ಕರಗಿತು. ಒಕ್ಕೂಟ ತನ್ನ ಸಣ್ಣ ದೇಶಗಳ ಜೊತೆ ಆಗ ನಡೆದುಕೊಂಡ ರೀತಿ ತಪ್ಪು ಎಂದೇ ನನ್ನ ಅಭಿಪ್ರಾಯ.

ಆದರೆ ಒಕ್ಕೂಟ ಬೇರೆ, ಯೂರೋ ಬೇರೆ. ಪೋಲೆಂಡ್ ನೋಡಿ. 2004ರಲ್ಲಿ ಒಳಗೆ ಬಂತು, ಆದರೆ ತನ್ನದೇ ದುಡ್ಡು ಜ್ಲೋಟಿಯನ್ನು ಬಿಡಲಿಲ್ಲ. 2009ರಲ್ಲಿ ಒಕ್ಕೂಟವೆಲ್ಲ ಕುಸಿದಾಗ ಬೆಳೆದ ಒಂದೇ ದೇಶ ಅದು. 2011ರ ಜನಗಣತಿಯಲ್ಲಿ ಐರ್ಲೆಂಡಿನಲ್ಲಿ 1,22,000ಕ್ಕೂ ಜಾಸ್ತಿ ಪೋಲೆಂಡಿನವರಿದ್ದರು. 2022ಕ್ಕೆ ಆ ಸಂಖ್ಯೆ ಒಂದು ಲಕ್ಷಕ್ಕಿಂತ ಕೆಳಗೆ ಬಂತು. ನನ್ನ ಜೊತೆ ಕೆಲಸ ಮಾಡುತ್ತಿದ್ದವನೊಬ್ಬ ಕ್ರಾಕೋವ್‌ಗೆ ವಾಪಸ್ ಹೋದ. "ಅಲ್ಲೇ ಈಗ ಕೆಲಸ ಇದೆ, ಅಮ್ಮನೂ ಅಲ್ಲೇ ಇದ್ದಾಳೆ" ಅಂದ. ಬೇರೆ ದೇಶಕ್ಕೆ ದುಡಿಯಲು ಹೋದವನಿಗೆ ಇದಕ್ಕಿಂತ ದೊಡ್ಡ ಸುದ್ದಿ ಏನಿದೆ? ಆ ದಿನ ನನಗೆ ಹೊಟ್ಟೆಕಿಚ್ಚೂ ಆಯಿತು, ಸಂತೋಷವೂ ಆಯಿತು.

ಬ್ರಿಟನ್ ಮಾತ್ರ ಇವರ್ಯಾರ ಹಾಗೂ ಅಲ್ಲ. 47 ವರ್ಷ ಒಳಗಿದ್ದು ಎದ್ದು ಹೋದ ದೇಶ ಅದು. ಮೊದಲಿಂದ ಹೊರಗಿರುವುದಕ್ಕೂ, ಎದ್ದು ಹೋಗುವುದಕ್ಕೂ ಬಹಳ ವ್ಯತ್ಯಾಸ ಇದೆ. 47 ವರ್ಷದಲ್ಲಿ ಕಾರ್ಖಾನೆ, ಲಾರಿ, ಅಂಗಡಿ, ಸಂಬಂಧ ಎಲ್ಲವೂ ಗಡಿ ಇಲ್ಲ ಎಂದುಕೊಂಡೇ ಬೆಳೆದಿದ್ದವು. 2021ರ ಜನವರಿಯಲ್ಲಿ ನಾನು ಅದನ್ನು ಕಣ್ಣಾರೆ ಕಂಡೆ. ನಾವು ಹೋಗುವ ಇಂಡಿಯನ್ ಅಂಗಡಿಗೆ ರವೆ, ಅವಲಕ್ಕಿ, ಸಾಂಬಾರ್ ಪುಡಿ ಎಲ್ಲ ಇಂಗ್ಲೆಂಡಿನ ಹೋಲ್‌ಸೇಲ್‌ನವರಿಂದ ಬರುತ್ತಿತ್ತು. ಆ ತಿಂಗಳು ಕಪಾಟು ಖಾಲಿ. ಪನೀರ್ ಇಲ್ಲ, ತುಪ್ಪ ಇಲ್ಲ. ಹಾಲಿನ ಪದಾರ್ಥ ಇರುವ ಪ್ರತಿ ಸರಕಿಗೂ ಪಶುವೈದ್ಯರ ಸಹಿಯ ಕಾಗದ ಬೇಕಾಗಿತ್ತು. ಅಂಗಡಿಯವರು ಸುಮ್ನೆ ನಿಂತು ನೋಡುತ್ತಿದ್ದರು. "ಲಾರಿ ಬಂದಿದೆ ಸಾರ್, ಕಾಗದ ಬಂದಿಲ್ಲ" ಅಂದರು.

ದೊಡ್ಡ ಕಂಪನಿಗಳು ಕಾಗದ ತುಂಬಲು ಆಳು ಇಟ್ಟುಕೊಂಡವು. ಚೀಸ್ ಮಾಡುವ, ಮೀನು ಹಿಡಿಯುವ ಸಣ್ಣ ಬ್ರಿಟಿಷ್ ವ್ಯಾಪಾರಿಗಳಲ್ಲಿ ಎಷ್ಟೋ ಜನ ಯುರೋಪಿಗೆ ಮಾರುವುದನ್ನೇ ಬಿಟ್ಟರು. ನನಗೆ ಬೇಸರ ಅವರ ಬಗ್ಗೆಯೇ. ಬ್ರಿಟನ್ ಮುಳುಗಿಹೋಯಿತೆಂದು ನಾನು ಹೇಳುತ್ತಿಲ್ಲ. ಲಂಡನ್ನಿನ ಬ್ಯಾಂಕು, ಸಲಹೆ, ಕಾನೂನು ಸೇವೆಗಳು ಚೆನ್ನಾಗಿಯೇ ನಡೆದಿವೆ. 2025ರಲ್ಲಿ ಭಾರತದ ಜೊತೆ ವ್ಯಾಪಾರ ಒಪ್ಪಂದಕ್ಕೂ ಸಹಿ ಹಾಕಿದರು. ಆದರೆ ಅವರ ಬಜೆಟ್ ನೋಡಿಕೊಳ್ಳುವ ಓಬಿಆರ್ ಸಂಸ್ಥೆಯೇ, ದೂರದ ಲೆಕ್ಕದಲ್ಲಿ ದೇಶದ ಉತ್ಪಾದಕತೆ ಒಳಗಿದ್ದಿದ್ದರೆ ಇರುತ್ತಿದ್ದುದಕ್ಕಿಂತ ನೂರಕ್ಕೆ 4ರಷ್ಟು ಕಡಿಮೆಯಾಗುತ್ತದೆ ಎಂದು ಅಂದಾಜು ಮಾಡಿದೆ. ಭಾರತದ ಒಪ್ಪಂದ ಅದನ್ನು ತುಂಬಿಕೊಡುವುದಿಲ್ಲ. ಹತ್ತಿರದ ಸಂತೆ ಬಿಟ್ಟು ದೂರದ ಸಂತೆಗೆ ಹೋದಂತೆ ಅದು.

ಐರ್ಲೆಂಡ್ ಆ ಹೊತ್ತಿಗೆ ಬೇರೆ ದಾರಿ ಹುಡುಕಿಕೊಂಡಿತು. ಮೊದಲು ಲಾರಿಗಳು ಡಬ್ಲಿನ್ನಿಂದ ಹಡಗಿನಲ್ಲಿ ವೇಲ್ಸ್‌ಗೆ ಹೋಗಿ, ಇಂಗ್ಲೆಂಡ್ ದಾಟಿ, ಡೋವರಿನಿಂದ ಫ್ರಾನ್ಸ್ ಸೇರುತ್ತಿದ್ದವು. ಈಗ ರಾಸ್‌ಲೇರ್ ಬಂದರಿನಿಂದ ನೇರ ಫ್ರಾನ್ಸಿಗೆ ಹೋಗುವ ಹಡಗುಗಳು ಹೆಚ್ಚಾಗಿವೆ. ನಮ್ಮ ಅಂಗಡಿಯವರೂ ಈಗ ಕೆಲವು ಸಾಮಾನನ್ನು ನೆದರ್‌ಲ್ಯಾಂಡ್ಸ್ ಕಡೆಯಿಂದ ತರಿಸುತ್ತಾರೆ.

ಇಲ್ಲಿನ ಡಂಡಾಕ್‌ನಿಂದ, ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನ ನ್ಯೂರಿಗೆ ಹೋಗುವ ರಸ್ತೆಯಲ್ಲಿ ಎರಡು ದೇಶಗಳ ಗಡಿ ಇದೆ. ಗೇಟಿಲ್ಲ, ಪೊಲೀಸರಿಲ್ಲ. ವೇಗದ ಫಲಕ ಕಿಲೋಮೀಟರಿನಿಂದ ಮೈಲಿಗೆ ಬದಲಾಗುತ್ತದೆ, ಅಷ್ಟೇ ಗುರುತು. ಆ ರಸ್ತೆ ಹಾಗೇ ಉಳಿಯಬೇಕೆಂದು ಐರ್ಲೆಂಡ್ ಹಟ ಹಿಡಿದಾಗ ಉಳಿದ 26 ದೇಶಗಳು ಅದರ ಹಿಂದೆ ನಿಂತವು. 50 ಲಕ್ಷ ಚಿಲ್ಲರೆ ಜನರ ದೇಶ ಒಂಟಿಯಾಗಿದ್ದರೆ ಬ್ರಿಟನ್ನಿನ ಎದುರು ಆ ಮಾತು ನಡೆಯುತ್ತಿತ್ತಾ? ಖಂಡಿತ ಇಲ್ಲ. ನನ್ನ ಪಾಲಿಗೆ ಒಕ್ಕೂಟದ ದೊಡ್ಡ ಲಾಭ ಇದೇ. ಪೌರತ್ವ ಸಿಕ್ಕ ಮೇಲೆ 2024ರ ಜೂನ್‌ನಲ್ಲಿ ಯುರೋಪ್ ಸಂಸತ್ತಿಗೆ ಮೊದಲ ಸಲ ಮತ ಹಾಕಿದೆ. 720 ಸದಸ್ಯರಲ್ಲಿ ನಮ್ಮವರು 14 ಜನ. ಕಡಿಮೆ ನಿಜ. ನಾರ್ವೆಯವರಿಗೆ ಒಬ್ಬರೂ ಇಲ್ಲ.

ಹಾಗಂತ ನಾರ್ವೆಯಿಂದ ಕಲಿಯುವುದು ಏನೂ ಇಲ್ಲ ಅಂತಲ್ಲಪ್ಪಾ. ಇಲ್ಲಿನ ಕಂಪನಿ ತೆರಿಗೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹತ್ತೇ ಕಂಪನಿಗಳಿಂದ ಬರುತ್ತದೆ. ಅವು ಎದ್ದು ಹೊರಟರೆ ಏನು ಗತಿ ಎಂಬ ಭಯ ನನಗೂ ಇದೆ. 2024ರಲ್ಲಿ ಸರ್ಕಾರ ಆ ದುಡ್ಡಿನ ಒಂದು ಪಾಲನ್ನು ಮುಂದಿನ ದಿನಗಳಿಗೆ ಕೂಡಿಡಲು ನಿಧಿಯೊಂದನ್ನು ಶುರು ಮಾಡಿತು. ಇನ್ನೂ ಹತ್ತು ವರ್ಷ ಮೊದಲೇ ಮಾಡಬೇಕಿತ್ತು. ಮುಂದಿನ ರಾಜ್ಯೋತ್ಸವಕ್ಕೆ ಸಿಗು, ಕೂತು ಮಾತಾಡೋಣ. ನಿನ್ನ ಸಂಬಳದ ತೆರಿಗೆಯೂ ಇದೇ ಖಜಾನೆಗೆ ಹೋಗುತ್ತಿದೆ.