ಬಾಣೆಗೆ ಬಿಟ್ಟ ದನ ಎಷ್ಟು ಮೇಯ್ತು?

ನಾನು ಕೊಡಗಿನ ಶನಿವಾರಸಂತೆ ಕಡೆಯವನು, ಈಗಿರೋದು ನ್ಯೂಜಿಲೆಂಡಿನಲ್ಲಿ. ನಮ್ಮೂರಲ್ಲಿ ಸಗಣಿ ಗದ್ದೆಗೆ, ಕಾಫಿ ಗಿಡಕ್ಕೆ. ಇಲ್ಲಿನ ಸಂಶೋಧಕರಿಗೆ ಅದು ದನ ತಿಂದದ್ದರ ಲೆಕ್ಕ.

ಮೇಯುವ ದನದ ಮೇವನ್ನು ತೂಗೋಕಾಗಲ್ಲ ಅಲ್ವಾ? ಅದಕ್ಕೇ ಹೊಟ್ಟೆಯಲ್ಲಿ ಕರಗದ ಪುಡಿಯೊಂದನ್ನು ದಿನಾ ಅಳೆದು ಬಾಯಿಗೆ ಹಾಕುತ್ತಾರೆ. ಹಿಂದೆ ಹೆಚ್ಚಾಗಿ ಹಸಿರು ಬಣ್ಣದ ಕ್ರೋಮಿಕ್ ಆಕ್ಸೈಡ್ ಬಳಸುತ್ತಿದ್ದರು. ಅದರ ದೂಳಿನ ಭಯಕ್ಕೆ ಈಗ ಹಲವರು ಟೈಟಾನಿಯಂ ಡೈಆಕ್ಸೈಡ್ ಹಿಡಿದಿದ್ದಾರೆ. ವಾರ ಕಳೆದರೆ ಒಳಗೆ ಹೋದಷ್ಟೇ ಹೊರಗೂ ಬರುತ್ತದೆ. ಆಮೇಲೆ ಒಂದು ಹಿಡಿ ಸಗಣಿ ಪರೀಕ್ಷೆಗೆ ಸಾಕು. ದಿನಕ್ಕೆ 10 ಗ್ರಾಂ ಕೊಟ್ಟು, ಕಿಲೋ ಒಣ ಸಗಣಿಯಲ್ಲಿ 4 ಗ್ರಾಂ ಸಿಕ್ಕಿತು ಅನ್ನಿ. ಆಗ ದಿನದ ಒಣ ಸಗಣಿ 2.5 ಕಿಲೋ. ತಿಂದದ್ದರಲ್ಲಿ ಅರ್ಧ ಜೀರ್ಣವಾದರೆ ಮೇದದ್ದು 5 ಕಿಲೋ ಒಣ ಮೇವು.

ಆ 'ಅರ್ಧ'ದಲ್ಲೇ ಇರೋದು ತಕರಾರು. ಶೇ. 60 ಜೀರ್ಣವಾಯಿತು ಅಂದರೆ ಅದೇ ಸಗಣಿಗೆ ಮೇವು 6.25 ಕಿಲೋ ಆಗಿಬಿಡುತ್ತದೆ! ಇಲ್ಲಿನ ಹೊಲದಲ್ಲಿ ರೈ ಹುಲ್ಲು, ಕ್ಲೋವರ್ ಅಷ್ಟೇ, ಕೊಯ್ದು ಪರೀಕ್ಷೆ ಮಾಡಬಹುದು. ನಮ್ಮ ಬಾಣೆಯಲ್ಲಿ, ಅಂದರೆ ಗದ್ದೆಗೆ ಸೇರಿದ ಮೇವಿನ ಜಾಗದಲ್ಲಿ, ಹುಲ್ಲು, ಪೊದೆ, ಚಿಗುರು ಎಲ್ಲ ಕಲಸುಮೇಲೋಗರ. ದನ ಏನನ್ನು ಆರಿಸಿಕೊಂಡಿತೋ ಯಾರಿಗೆ ಗೊತ್ತು?

'ಹೊಟ್ಟೆ ತುಂಬ್ಕೊಂಡು ಬಂತಲ್ಲ' ಅನ್ನೋದು ನಮ್ಮ ಅಳತೆ. ಬೇಸಿಗೆಯ ಒಣ ಹುಲ್ಲೂ ಹೊಟ್ಟೆ ತುಂಬಿಸುತ್ತೆ, ಮೈಗೆ ಹತ್ತೋದು ಮಾತ್ರ ಕಡಿಮೆ. ಕೊಟ್ಟಿಗೆಯಲ್ಲಿ ಎಷ್ಟು ಹಿಂಡಿ ಹಾಕಬೇಕು ಅಂತ ನಿಜವಾಗಿ ತಿಳೀಬೇಕಾದರೆ ಅಳೆಯಲೇಬೇಕು ಅನ್ನೋದು ನನ್ನ ವಾದ.

ಆದರೆ ಇಲ್ಲಿನ ಪುಡಿಯನ್ನು ಸುಮ್ನೆ ತಂದು ಹಾಕೋದು ಬೇಡ. ಬಾಣೆಗೆ ಎಲೆಯ ಮೇಣದ ದಾರಿ ಒಪ್ಪುತ್ತದೆ. ಎಲೆಯ ಮೇಣದಲ್ಲಿ 31, 33 ಕಾರ್ಬನ್ ಪರಮಾಣುಗಳು ಸರಪಳಿಯಂತೆ ಸೇರಿದ ಆಲ್ಕೇನ್‌ಗಳು ಇದ್ದೇ ಇರುತ್ತವೆ. ಅವುಗಳ ಜೊತೆಗೆ 32 ಕಾರ್ಬನ್ನಿನದನ್ನು ಅಳೆದು ನುಂಗಿಸುತ್ತಾರೆ, ಸಗಣಿಯಲ್ಲಿ ಎಲೆಯದನ್ನೂ ನುಂಗಿಸಿದ್ದನ್ನೂ ಹೋಲಿಸಿ ಮೇವಿನ ಲೆಕ್ಕ ಹಾಕುತ್ತಾರೆ. ಹೊಟ್ಟೆಯೊಳಗೆ ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕಳೆದುಹೋಗೋದರಿಂದ ತಪ್ಪು ತಪ್ಪಿಗೆ ವಜಾ. ಜೀರ್ಣದ ಪ್ರಮಾಣ ಬೇರೆ ಹುಡುಕುವ ಗೋಜಿಲ್ಲ. ಗಿಡಗಿಡಕ್ಕೂ ಮೇಣದ ಮಿಶ್ರಣ ಬೇರೆ, ಹಾಗಾಗಿ ಯಾವ ಗಿಡ ಜಾಸ್ತಿ ತಿಂದಿತು ಅನ್ನೋ ಸುಳಿವೂ ಸಿಗುತ್ತದೆ. ಖರ್ಚೇನೋ ಇದೆ, ಆಲ್ಕೇನುಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಯಂತ್ರ ಬೇಕು. ಹಾಸನದ ಪಶುವೈದ್ಯಕೀಯ ಕಾಲೇಜು, ಪೊನ್ನಂಪೇಟೆಯ ಅರಣ್ಯ ಕಾಲೇಜು ಜೊತೆಗೂಡಿದರೆ ಆಗದ ಕೆಲಸವೇನಲ್ಲ.

ಇನ್ನೊಂದು ಅನುಕೂಲ ನಮ್ಮಲ್ಲೇ ಇದೆ. ಇಲ್ಲಿ ಮಾಂಸಕ್ಕೆ ಸಾಕುವ ದನ ಹಗಲು ರಾತ್ರಿ ಹೊಲದಲ್ಲೇ ಇರುತ್ತದೆ. ಗುಳಿಗೆ ನುಂಗಿಸಲು ದಿನಕ್ಕೆರಡು ಸಲ ಅಟ್ಟಿಸಿಕೊಂಡು ಬರಬೇಕು, ಅಷ್ಟರಲ್ಲಿ ಅದರ ಮೇಯುವ ಹೊತ್ತೇ ಕೆಡುತ್ತದೆ. ನಮ್ಮ ದನ ಹೇಗೂ ಬೆಳಿಗ್ಗೆ ಬಿಟ್ಟು ಸಾಯಂಕಾಲ ಕಟ್ಟುವಂಥದ್ದು, ಆ ಎರಡು ಹೊತ್ತಲ್ಲೇ ಗುಳಿಗೆ ನುಂಗಿಸಬಹುದು.