ಕಪ್ಪೆಗೆ ಪರ್ಮಿಷನ್, ಜೆಸಿಬಿಗೆ ಸ್ವಾಗತ

ಬೆಂಗಳೂರಿನ ಸುರಂಗ ರಸ್ತೆ ಡಿಪಿಆರ್, ಅಂದ್ರೆ ವಿವರವಾದ ಯೋಜನಾ ವರದಿ, ಅದರ ಕಥೆ ಮತ್ತೆ ಹೇಳೋದು ಬೇಡ, ನಿಮಗೆಲ್ಲ ಬಾಯಿಪಾಠ ಆಗಿದೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ನೆಲದೊಳಗೆ ಹೋಗೋಕೆ ಅಂತ ಕೋಟಿಗಟ್ಟಲೆ ಸುರಿದು ಬರೆಸಿದ ವರದಿಯಲ್ಲಿ ಮಹಾರಾಷ್ಟ್ರದ ಮಾಲೆಗಾಂವ್, ನಾಸಿಕ್ ಎಲ್ಲ ಬಂದು ಹಾಯಾಗಿ ಕೂತಿದ್ವು. ಎಲ್ಲರೂ ಕಾಪಿ ಪೇಸ್ಟ್ ಅಂತ ಬೈದ್ರು, ನಾನಂತೂ ದೂರದೃಷ್ಟಿ ಅಂತೀನಿ, ನಮ್ಮ ಲೆಕ್ಕದಲ್ಲಿ ತೋಡೋಕೆ ಶುರು ಮಾಡಿದ್ರೆ ಸಿಲ್ಕ್ ಬೋರ್ಡ್ ಬದಲು ಮಾಲೆಗಾಂವಲ್ಲಿ ಮೇಲೆ ಬಂದ್ರೂ ಆಶ್ಚರ್ಯ ಇಲ್ಲ, ಮುಂಚೆನೇ ಹೇಳಿಟ್ಟಿದ್ದಾರೆ ಪಾಪ. ನನಗೆ ಉರಿ ಹತ್ತಿದ್ದು ಅದಕ್ಕಲ್ಲ. ಸುರಂಗಕ್ಕೆ ಲಾಲ್‌ಬಾಗ್ ಜಾಗ ಹೋಗುತ್ತೆ ಅಂತ ಗಲಾಟೆ ಎದ್ದ ಮೇಲೆ ಮತ್ತೆ ಹೊರಗೆ ಬಂತಲ್ಲ ಸರ್ಕಾರದ ಆ ಹಳೇ ಮಂತ್ರ, ತಜ್ಞರ ಅಭಿಪ್ರಾಯ ಪಡೀತೀವಿ ಅಂತ, ಅದಕ್ಕೆ.

ಅಲ್ಲಾ ಸ್ವಾಮಿ, ತಜ್ಞರಿಗೇನು ಬರ ಈ ಊರಲ್ಲಿ? ಟಾಟಾ ಇನ್‌ಸ್ಟಿಟ್ಯೂಟ್, ಅಂದ್ರೆ ಭಾರತೀಯ ವಿಜ್ಞಾನ ಸಂಸ್ಥೆ, ಅದರ ಸ್ಟಾಪಿಂದ ಯಲಹಂಕ ಕಡೆ ಹೊರಡಿ. ಟಾಟಾ ಇನ್‌ಸ್ಟಿಟ್ಯೂಟ್ ಒಳಗೇ 1983ರಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಅವರು ಕಟ್ಟಿದ ಪರಿಸರ ವಿಜ್ಞಾನ ಕೇಂದ್ರ ಇದೆ. ಹೆಬ್ಬಾಳದಲ್ಲಿ ಕೀಟಗಳಿಗೆ ಅಂತಾನೇ ಒಂದು ರಾಷ್ಟ್ರೀಯ ಬ್ಯೂರೋ ಇದೆ, ಇನ್ನೂ ಮುಂದೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ, ಅದರ ಒಳಗೆ ಜೀವವಿಜ್ಞಾನದ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್, ಒಡಿಶಾದ ಕಪ್ಪು ಹುಲಿ ಯಾಕೆ ಕಪ್ಪು ಅಂತ ಅದರ ಡಿಎನ್‌ಎ ಓದಿ 2021ರಲ್ಲಿ ಹೇಳಿದವರು ಅವರೇ. ಜಕ್ಕೂರಿಗೆ ಹೋದ್ರೆ ವಿಜ್ಞಾನ ಸಂಶೋಧನೆಯ ಜವಾಹರಲಾಲ್ ನೆಹರೂ ಸೆಂಟರ್, ಆಮೇಲೆ 1996ರಲ್ಲಿ ಶುರುವಾದ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ. ಬೆಳಗ್ಗೆ ಒಂಬತ್ತು ಗಂಟೆಗೆ ಹೆಬ್ಬಾಳ ಫ್ಲೈಓವರ್ ಮೇಲೆ ನಿಂತು ಇರುವೆ ತಜ್ಞರು ಯಾರಾದ್ರೂ ಇದ್ದೀರಾ ಅಂತ ಕೂಗಿದ್ರೆ ನಾಲ್ಕು ಕಾರಿನ ಗ್ಲಾಸ್ ಇಳಿಯುತ್ತೆ, ಸಮಿತಿಗೆ ಕೋರಂ ಅಲ್ಲೇ ಆಗೋಗುತ್ತೆ, ಎಲ್ಲೂ ಓಡಿ ಹೋಗಲ್ಲ ಅವರು, ಓಡೋಕೆ ಜಾಗ ಎಲ್ಲಿದೆ. ಇದೇ ರಸ್ತೆಗೇ ತಾನೇ 2016ರಲ್ಲಿ ಸ್ಟೀಲ್ ಫ್ಲೈಓವರ್ ಹಾಕ್ತೀವಿ, 812 ಮರ ಹೋಗುತ್ತೆ ಅಂದಿದ್ದು. ಆಗ ಜನ ರಸ್ತೆಗೆ ಇಳಿದು ಕೈ ಕೈ ಹಿಡ್ಕೊಂಡು ನಿಂತ್ರು, ಮಾರನೇ ವರ್ಷ ಮಾರ್ಚಲ್ಲಿ ಕೈಬಿಟ್ರು. ಮೇಲೆ ಬೇಡ ಅಂದ್ರಲ್ಲ, ಹಂಗಾದ್ರೆ ಕೆಳಗೆ ಅಂತ ಈಗ ಸುರಂಗ.

ಸುರಂಗ ಅಂದಾಗೆಲ್ಲ ನನಗೆ ಒಂದು ಕಪ್ಪೆ ನೆನಪಾಗುತ್ತೆ. ಇದು ವಿಷಯಾಂತರ, ಬೇಜಾರಾದ್ರೆ ಕೆಳಗಿನ ಪ್ಯಾರಾಕ್ಕೆ ಹೋಗಿ. 2020ರಲ್ಲಿ ರಾಜಾನುಕುಂಟೆ ಹತ್ರ ಒಂದು ಹೊಸ ಜಾತಿಯ ಬಿಲಗಪ್ಪೆ ಸಿಕ್ತು, ಅದಕ್ಕೆ ನಮ್ಮೂರ ಹೆಸರೇ ಇಟ್ಟಿದ್ದಾರೆ, ಸ್ಫೀರೋಥೀಕಾ ಬೆಂಗಳೂರು. ಕಾಡಲ್ಲಿ ಸಿಕ್ಕಿದ್ದಲ್ಲ, ಊರಾಚೆ ಬಯಲಲ್ಲಿ. ಈ ಜಾತಿ ಕಪ್ಪೆಗಳಿಗೆ ಹಿಂಗಾಲಲ್ಲಿ ಸಣ್ಣ ಗುದ್ದಲಿ ತರ ಒಂದು ಗಂಟು ಇರುತ್ತೆ, ಅದರಲ್ಲಿ ಮಣ್ಣು ತಳ್ತಾ ತಳ್ತಾ ಹಿಮ್ಮುಖವಾಗಿ ಭೂಮಿ ಒಳಗೆ ಇಳಿದುಬಿಡ್ತವೆ, ಮಳೆ ಬಂದಾಗ ಮೇಲೆ ಬರ್ತವೆ. ಡಿಪಿಆರ್ ಇಲ್ಲ, ಕನ್ಸಲ್ಟೆಂಟ್ ಇಲ್ಲ, ಟೋಲ್ ಇಲ್ಲ, ಮಳೆ ಬಂದ್ರೆ ಒಳಗೆ ನೀರು ತುಂಬ್ತು ಅಂತ ಟ್ವೀಟ್ ಮಾಡೋರೂ ಇಲ್ಲ. ಎಲ್ಲಿಗೆ ಹೋಗ್ತಿದ್ದೀನಿ ಅಂತ ನೋಡದೆ ಹಿಂದಕ್ಕೆ ತೋಡ್ಕೊಂಡು ಹೋಗೋದು ಮಾತ್ರ ನಮ್ಮ ಪ್ಲಾನಿಂಗ್‌ನವರ ತರಾನೇ, ಅದಕ್ಕೇ ಇರಬೇಕು ಊರಿನ ಹೆಸರು ಅಷ್ಟು ಚೆನ್ನಾಗಿ ಹೊಂದ್ಕೊಂಡಿರೋದು. ನನ್ನ ಕೇಳಿದ್ರೆ ಸುರಂಗದ ಕನ್ಸಲ್ಟೆನ್ಸಿ ಇದಕ್ಕೇ ಕೊಡ್ಬೇಕಿತ್ತು. ಕನಿಷ್ಠ ಪಕ್ಷ ಅದಕ್ಕೆ ಮಾಲೆಗಾಂವ್ ಗೊತ್ತಿಲ್ಲ.

ಅಂಥ ಊರಾಚೆ ಬಯಲೆಲ್ಲ ಈಗ ಸೈಟು. ವಿಲ್ಲಾ ಪ್ರಾಜೆಕ್ಟ್, ಗೇಟೆಡ್ ಕಮ್ಯುನಿಟಿ, ನೇಚರ್ ಮಧ್ಯೆ ಬದುಕಿ ಅಂತ ಹೋರ್ಡಿಂಗ್. ಅಲ್ಲಿ ಜೆಸಿಬಿ ಇಳಿಸೋಕೆ ಯಾರೂ ಕಪ್ಪೆ ಇದೆಯಾ ಅಂತ ಕೇಳಲ್ಲ, ಕೇಳೋ ಕಾಲಮ್ಮೇ ಅರ್ಜಿಯಲ್ಲಿ ಇಲ್ಲ.

ಈಗ ಇನ್ನೊಂದು ಕಡೆ ನೋಡಿ. ಒಬ್ಬಳು ಹುಡುಗಿ ಪಿಎಚ್‌ಡಿಗೆ ಸೇರಿದ್ದಾಳೆ, ಅಭಯಾರಣ್ಯದ ಒಳಗೆ ಹೋಗಿ ಕಪ್ಪೆ ಕೂಗೋದನ್ನ ರೆಕಾರ್ಡ್ ಮಾಡ್ಬೇಕು, ಅಷ್ಟೇ. ಅದಕ್ಕೆ 1972ರ ವನ್ಯಜೀವಿ ಕಾಯ್ದೆ 28ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಪರ್ಮಿಟ್ ಬೇಕು. ಬೇಕು, ಒಪ್ಕೊಂಡೆ, ಕಂಡವರೆಲ್ಲ ಕಾಡಿಗೆ ನುಗ್ಗೋದು ಬೇಡ. ಅರ್ಜಿ ಮಲ್ಲೇಶ್ವರಂ ಅರಣ್ಯ ಭವನಕ್ಕೆ ಹೋಗುತ್ತೆ, ಅಲ್ಲಿಂದ ಅಭಿಪ್ರಾಯ ಕೇಳಿ ಕೆಳಗಿನ ಆಫೀಸಿಗೆ ಇಳಿಯುತ್ತೆ, ಇಳಿದಿದ್ದು ಹತ್ತೋಕೆ ಟೈಮ್ ತಗೊಳ್ಳುತ್ತೆ, ಅಷ್ಟರಲ್ಲಿ ಸಾಹೇಬ್ರು ಟ್ರಾನ್ಸ್‌ಫರ್, ಹೊಸಬರು ಬಂದು ಕಪ್ಪೆ ಯಾಕೆ ಅಂತ ಕೇಳ್ತಾರೆ. ಕಪ್ಪೆಗಳು ಕೂಗೋದು ಮಳೆಗಾಲದಲ್ಲಿ, ಫೈಲ್ ಬರೋದು ದೀಪಾವಳಿ ಆದ್ಮೇಲೆ. ಮಜಾ ಏನಂದ್ರೆ ಅದೇ 28ನೇ ಸೆಕ್ಷನ್ ಓದಿ ನೋಡಿ, ವೈಜ್ಞಾನಿಕ ಸಂಶೋಧನೆ ಅಂತ ಒಂದು ಸಾಲು ಇದೆ, ಅದರ ಮುಂದಿನ ಸಾಲೇ ಟೂರಿಸಂ. ಕಾನೂನು ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದೆ ಕಣ್ರೀ, ಬಡಿಸೋರು ಮಾತ್ರ ಒಬ್ಬರಿಗೇ ಬಡಿಸ್ತಿದ್ದಾರೆ. ಟೂರಿಸ್ಟಿಗೆ ಆನ್‌ಲೈನ್ ಬುಕಿಂಗ್, ಜೀಪು, ಬೆಳಗ್ಗೆ ಬಿಸಿ ಕಾಫಿ. ಆ ಹುಡುಗಿಗೆ ನಾನು ಹೇಳೋದಿಷ್ಟೇ, ರೆಕಾರ್ಡರ್ ಬ್ಯಾಗಲ್ಲಿಟ್ಕೊಂಡು ಸಫಾರಿ ಟಿಕೆಟ್ ತಗೋಮ್ಮ, ಹುಲಿ ಎಲ್ಲಿ ಹುಲಿ ಎಲ್ಲಿ ಅಂತ ಜೀಪಲ್ಲಿರೋರು ಕಿರುಚೋದು ಸ್ವಲ್ಪ ಸೇರ್ಕೊಳ್ಳುತ್ತೆ, ಎಡಿಟ್ ಮಾಡ್ಕೋಬಹುದು.

ಹೋಗ್ಲಿ, ಕಷ್ಟಪಟ್ಟು ಸ್ಟಡಿ ಮಾಡಿ ವರದಿ ಕೊಟ್ರು ಅಂತಿಟ್ಕೊಳ್ಳಿ. ಬೆಳ್ಳಂದೂರು ಕೆರೆ ನೊರೆಗೆ 2015ರಲ್ಲಿ ಬೆಂಕಿ ಹತ್ತಿದಾಗ ಜಗತ್ತೆಲ್ಲ ನಮ್ಮನ್ನ ನೋಡ್ತು, ನೀರಿಗೆ ಬೆಂಕಿ ಹಚ್ಚೋ ವಿದ್ಯೆ ಪುರಾಣದಲ್ಲಿ ಬಿಟ್ರೆ ನಮ್ಮಲ್ಲೇ ಇದ್ದಿದ್ದು. 2018ರಲ್ಲಿ ಮತ್ತೆ ಕೆರೆ ಹತ್ಕೊಂಡಾಗ ಆರಿಸೋಕೆ ಸೇನೆಯವರು ಬರಬೇಕಾಯ್ತು. ಟಾಟಾ ಇನ್‌ಸ್ಟಿಟ್ಯೂಟ್‌ನವರು ನೊರೆ ಯಾಕೆ ಬರುತ್ತೆ ಅಂತ ಪರೀಕ್ಷೆ ಮಾಡಿ ಹೇಳಿದ್ರು, ಶುದ್ಧ ಮಾಡದ ಚರಂಡಿ ನೀರು, ಅದರಲ್ಲಿರೋ ಡಿಟರ್ಜೆಂಟ್, ಅದು ಕೆರೆ ತಳದ ಹೂಳಲ್ಲಿ ಸೇರ್ಕೊಂಡು ಮಳೆ ಬಂದಾಗ ಕದಡಿ ಮೇಲೆ ಬರುತ್ತೆ ಅಂತ. ಅಂದ್ರೆ ಚರಂಡಿ ನೀರು ಶುದ್ಧ ಮಾಡಿ ಬಿಡಿ ಅಂತ ಅರ್ಥ, ಮೂರನೇ ಕ್ಲಾಸ್ ಹುಡುಗನಿಗೂ ಅರ್ಥ ಆಗುತ್ತೆ. ನಮ್ಮವರು ಏನ್ಮಾಡಿದ್ರು? ಸೇತುವೆ ಪಕ್ಕ ಉದ್ದಕ್ಕೆ ಬಲೆ ಕಟ್ಟಿದ್ರು. ನೊರೆ ಹಾರಿ ರಸ್ತೆಗೆ ಬರಬಾರದಲ್ಲ, ಮಂಚಕ್ಕೆ ಸೊಳ್ಳೆ ಪರದೆ ಕಟ್ಟಿದಂಗೆ ಕೆರೆಗೆ ಪರದೆ. ನೊರೆಗೂ ನಗು ಬಂದಿರಬೇಕು, ಬಲೆ ದಾಟ್ಕೊಂಡೇ ಬಂತು.

ಮರದ ಲೆಕ್ಕ ಇನ್ನೂ ಚೆನ್ನಾಗಿದೆ. ಅದೇ ಸಂಸ್ಥೆಯವರು ಮರ ಎಣಿಸಿ ಹೇಳಿದ್ರು, ಊರಲ್ಲಿ 14.78 ಲಕ್ಷ ಮರ, ಜನ 95.75 ಲಕ್ಷ, ಅಂದ್ರೆ ಏಳು ಜನಕ್ಕೆ ಹತ್ತತ್ರ ಒಂದು. ಇದು ಹತ್ತು ವರ್ಷಕ್ಕೂ ಹಿಂದಿನ ಲೆಕ್ಕ, ಜನ ಆಮೇಲೆ ನಿಂತಿಲ್ಲ, ಬರ್ತಾನೇ ಇದ್ದಾರೆ. ಉಸಿರಿಗೂ ಬೆಸ್ಕಾಂ ತರ ಲೋಡ್ ಶೆಡ್ಡಿಂಗ್ ಮಾಡಿದ್ರೆ ಸರಿಹೋಗುತ್ತೆ, ಸೋಮವಾರ ಜಯನಗರ, ಮಂಗಳವಾರ ಮಾರತ್ತಹಳ್ಳಿ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಸುತ್ತ ಪರಿಸರ ಸೂಕ್ಷ್ಮ ವಲಯ 2016ರ ಕರಡಲ್ಲಿ 268.96 ಚದರ ಕಿಲೋಮೀಟರ್ ಇತ್ತು, 2020ರಲ್ಲಿ ಅಂತಿಮ ಆದಾಗ 168.84. ನೂರು ಚದರ ಕಿಲೋಮೀಟರ್ ಸೂಕ್ಷ್ಮತೆ ನಾಲ್ಕು ವರ್ಷದಲ್ಲಿ ಎಲ್ಲಿಗೆ ಹೋಯ್ತು? ಆನೆ ಬಂದು ನನಗೆ ಇಷ್ಟೆಲ್ಲ ಜಾಗ ಯಾಕ್ರೀ ಅಂತ ಸಹಿ ಹಾಕಿ ಹೋಯ್ತಾ? ಜನ, ಸಂಶೋಧಕರು ಆಕ್ಷೇಪಣೆ ಬರೆದು ಕಳಿಸಿದ್ರು, ಕಳಿಸಿದ್ದಕ್ಕೆ ರಸೀದಿ ಇದೆಯಂತೆ, ಸಂತೋಷ.

ಪಶ್ಚಿಮ ಘಟ್ಟದ ವಿಷಯ ಬಂದ್ರೆ ಮಾತ್ರ ತಮಾಷೆ ಮಾಡೋಕೆ ನಾಲಿಗೆ ಹೊರಳಲ್ಲ. ಘಟ್ಟ ಉಳಿಸೋದು ಹೆಂಗೆ ಅಂತ ಹೇಳೋಕೆ ಕೇಂದ್ರ ಸರ್ಕಾರ ಮಾಡಿದ ಗಾಡ್ಗೀಳ್ ಸಮಿತಿ 2011ರ ಆಗಸ್ಟ್‌ನಲ್ಲಿ ವರದಿ ಕೊಡ್ತು. ಸರ್ಕಾರ ಅದನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕ್ತು, ಆರ್‌ಟಿಐ ಹಾಕಿ, ದೆಹಲಿ ಹೈಕೋರ್ಟ್‌ವರೆಗೆ ಹೋಗಿ, 2012ರಲ್ಲಿ ಹೊರಗೆ ತೆಗೆಸಬೇಕಾಯ್ತು, ಅದೂ ನಮ್ಮ ದುಡ್ಡಲ್ಲಿ ಬರೆಸಿದ ವರದಿ. ಆಮೇಲೆ ಇದು ಜಾಸ್ತಿ ಆಯ್ತು ಅಂತ ಇಸ್ರೋ ಮುಖ್ಯಸ್ಥರಾಗಿದ್ದ ಕಸ್ತೂರಿರಂಗನ್ ಅವರ ಹತ್ರ ಇನ್ನೊಂದು ಬರೆಸಿದ್ರು, 2013ರಲ್ಲಿ ಅವರು ಘಟ್ಟದ ಸುಮಾರು 37 ಪರ್ಸೆಂಟ್ ಪರಿಸರ ಸೂಕ್ಷ್ಮ ಅಂತ ಕಾಪಾಡಿದ್ರೆ ಸಾಕು ಅಂದ್ರು, ಅದೂ ಜಾಸ್ತಿ ಆಯ್ತು. 2014ರಿಂದ ಕರಡು ಅಧಿಸೂಚನೆ ಬರ್ತಾ ಇದೆ, ಅವಧಿ ಮುಗಿಯುತ್ತೆ, ಮತ್ತೆ ಕರಡು. ಆರನೇದು ಬಂದಿದ್ದು 2024ರ ಜುಲೈ 31ಕ್ಕೆ. ಹಿಂದಿನ ದಿನ ಬೆಳಗಿನ ಜಾವ ವಯನಾಡಲ್ಲಿ ಗುಡ್ಡ ಜಾರಿ ಊರೂರೇ ಮಣ್ಣಲ್ಲಿ ಹೋಗಿತ್ತು, ಹೆಣ ಇನ್ನೂ ತೆಗೀತಾ ಇದ್ರು. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್, ನಮ್ಮ ಸಂಪುಟ ಅದೇ ಸೆಪ್ಟೆಂಬರಲ್ಲಿ ಬೇಡ ಅಂತ ತೀರ್ಮಾನ ಮಾಡ್ತು. ಘಟ್ಟದ ರೈತನಿಗೆ ಭಯ ಇದೆ ನಿಜ, ಅವನ ಭಯಕ್ಕೆ ಕಾರಣಾನೂ ಇದೆ, ಯಾವನೂ ಅವನ ಹತ್ರ ಕೂತು ಈ ವರದಿಯಲ್ಲಿ ಏನಿದೆ ಅಂತ ಕನ್ನಡದಲ್ಲಿ ನೆಟ್ಟಗೆ ಹೇಳ್ಲಿಲ್ಲ, ಮನೆ ಖಾಲಿ ಮಾಡಿಸ್ತಾರೆ ಅಂತ ಮಾತ್ರ ಎಲ್ಲ ಪಾರ್ಟಿಯವರೂ ಹೇಳಿದ್ರು. ಅವನ ಹೆಸರು ಹೇಳ್ಕೊಂಡು ಕ್ವಾರಿ, ರೆಸಾರ್ಟ್ ಉಳಿಸ್ಕೊಂಡ್ರಲ್ಲ, ಅದಕ್ಕೆ ಏನನ್ಬೇಕು. ಪ್ರತಿ ಮಳೆಗಾಲ ಶಿರಾಡಿ ಬಂದ್, ಚಾರ್ಮಾಡಿ ಬಂದ್ ಅಂತ ಸ್ಕ್ರೋಲ್ ಬರುತ್ತೆ, ಟಿವಿಯವರು ಒಬ್ಬ ವಿಜ್ಞಾನಿಗೆ ಫೋನ್ ಮಾಡ್ತಾರೆ, ಅವರು ಹೋದ್ಸಲ ಹೇಳಿದ್ದನ್ನೇ ಮತ್ತೆ ಹೇಳ್ತಾರೆ, ಬ್ರೇಕ್ ಬರುತ್ತೆ. ಸಾಕಾಗಿದೆ.

ಇಷ್ಟಾದ್ಮೇಲೂ ಪ್ರತಿ ಜೂನ್ 5ಕ್ಕೆ, ಪರಿಸರ ದಿನದಂದು, ಸಂಶೋಧನೆ ದೇಶದ ಬೆನ್ನೆಲುಬು ಅಂತ ಭಾಷಣ ತಪ್ಪಲ್ಲ. ಬೆನ್ನೆಲುಬಿಗೆ 2022ರಲ್ಲಿ ಜಿಎಸ್‌ಟಿ 5ರಿಂದ 18 ಪರ್ಸೆಂಟ್ ಮಾಡಿದ್ರು, ಲ್ಯಾಬಿಗೆ ತರೋ ಉಪಕರಣಕ್ಕೆ. ಜಾಸ್ತಿ ಆಗಿದ್ದು ಯಾರಿಗೆ ಹೋಯ್ತು ಅಂದ್ರೆ, ಸರ್ಕಾರ ಒಂದು ಕೈಯಲ್ಲಿ ಗ್ರಾಂಟ್ ಕೊಟ್ಟು ಇನ್ನೊಂದು ಕೈಯಲ್ಲಿ ವಾಪಸ್ ತಗೊಳ್ತು, ಇದನ್ನ ಅರ್ಥಶಾಸ್ತ್ರದವರು ಯಾರಾದ್ರೂ ಸ್ಟಡಿ ಮಾಡ್ಬೇಕು, ಗ್ರಾಂಟ್ ಸಿಕ್ಕಿದ್ರೆ. 2023ರಲ್ಲಿ ಪಿಎಚ್‌ಡಿ ಹುಡುಗರಿಗೆ ತಿಂಗಳಿಗೆ ಕೊಡೋ ಜೂನಿಯರ್ ಫೆಲೋಶಿಪ್ 31,000ದಿಂದ 37,000 ಮಾಡಿದ್ರು, ಪೇಪರಲ್ಲಿ ಬಂತು, ಚಪ್ಪಾಳೆ. ಅದು ಅಕೌಂಟಿಗೆ ಯಾವಾಗ ಬರುತ್ತೆ ಅಂತ ಮಾತ್ರ ಕೇಳಬಾರದು, ತಿಂಗಳುಗಟ್ಟಲೆ ಬರಲ್ಲ, ಹುಡುಗರು ಆ ಪೋರ್ಟಲ್ ಈ ಪೋರ್ಟಲ್ ಅಂತ ಲಾಗಿನ್ ಆಗ್ತಾ ಕೂತಿರ್ತಾರೆ. ಕಾಡಲ್ಲಿ ಜಿಗಣೆ ಕಚ್ಚಿಸ್ಕೊಂಡು ವಾಪಸ್ ಬಂದು, ಸಾಲ ಮಾಡಿ ಮೆಸ್ ಬಿಲ್ ಕಟ್ಟಿ, ರಾತ್ರಿ ಕೂತು ಕಪ್ಪೆ ಕೂಗಿನ ಗ್ರಾಫ್ ಹಾಕ್ತಿರೋ ಹುಡುಗಿ ಕಳಿಸೋ ವರದಿನೇ ನಾಳೆ ನಿಮಗೆ ತಜ್ಞರ ಅಭಿಪ್ರಾಯ ಆಗೋದು, ಗೊತ್ತಿರಲಿ. ಹೊಸ ಸಮಿತಿ ಆಮೇಲೆ ಮಾಡ್ಕೊಳ್ಳಿ, ಮೊದಲು ಅವಳ ದುಡ್ಡು ಹಾಕಿ. ಸಹಕಾರ ನಗರದಲ್ಲಿ ಮನೆ ಓನರ್ ಒಂದನೇ ತಾರೀಖು ಬಾಗಿಲಿಗೆ ಬಂದು ನಿಂತಾಗ ಮಿನಿಸ್ಟ್ರಿ ಸ್ಯಾಂಕ್ಷನ್ ಲೆಟರ್ ತೋರಿಸಿದ್ರೆ, ಆಯ್ತಮ್ಮ, ಗೂಗಲ್ ಪೇ ಮಾಡು ಅಂತಾರೆ.