ಆಚೆ ದಡವೇ ಇಲ್ಲದ ಸೇತುವೆಗೆ ಐನೂರು ರೂಪಾಯಿ

ಗಾಜಿನ ಸೇತುವೆಯ ವಿಡಿಯೊ ಮತ್ತೆ ಓಡಾಡೋಕೆ ಶುರುವಾಗಿದೆ. ಯಾವ ದೇಶದ್ದಾದರೂ ಕಥೆ ಒಂದೇ. ಒಬ್ಬ ಗಂಡಸು ಸೇತುವೆ ಮಧ್ಯೆ ಕಂಬಿ ತಬ್ಬಿಕೊಂಡು ಕೂತಿರುತ್ತಾನೆ, ಹೆಂಡತಿ ಅವನ ತೋಳು ಹಿಡಿದು ದರದರ ಎಳೆಯುತ್ತಿರುತ್ತಾಳೆ, ಹಿಂದೆ ಯಾರೋ ಬಿದ್ದು ಬಿದ್ದು ನಗುತ್ತಿರುತ್ತಾರೆ. ಚಿಕ್ಕಮಗಳೂರಿನ ಯಾವ ವಾಟ್ಸಾಪ್ ಗುಂಪಿಗೆ ಇದು ಬಂದರೂ ಕೆಳಗೆ ಒಂದು ಪ್ರಶ್ನೆ ಬಿದ್ದೇ ಬೀಳುತ್ತದೆ: "ನಮ್ಮಲ್ಲಿ ಯಾಕಿಲ್ಲ?"

ಅಲ್ಲಿಗೆ ಕಥೆ ಮುಗಿಯಿತು. ಒಬ್ಬರಿಗೆ ಮುಳ್ಳಯ್ಯನಗಿರಿಯಲ್ಲೇ ಆಗಬೇಕು. 1,930 ಮೀಟರ್, ರಾಜ್ಯದಲ್ಲೇ ಎತ್ತರ, ಬೇರೆ ಕಡೆ ಹಾಕಿದರೆ ಗಿರಿಗೇ ಅವಮಾನ. ಮೂಡಿಗೆರೆಯವರು ದೇವರಮನೆ ಬಿಟ್ಟು ಮಾತೇ ಆಡುವುದಿಲ್ಲ. ಅಷ್ಟರಲ್ಲಿ ಸಕಲೇಶಪುರದಿಂದ ಒಬ್ಬರು ನುಗ್ಗುತ್ತಾರೆ: "ಎಲ್ಲಾ ನಿಮ್ಮ ಜಿಲ್ಲೆಗೇ ಬೇಕಾ ಗೌಡ್ರೆ? ಬಿಸಿಲೆ ಏನ್ ಕಮ್ಮಿ? ಹಾಸನದವ್ರು ಬರೀ ಆಲೂಗೆಡ್ಡೆ ಬೆಳ್ಕೊಂಡು ಇರ್ಬೇಕಾ?" ಸಂಜೆಯೊಳಗೆ ಎರಡು ಜಿಲ್ಲೆಗಳ ನಡುವೆ ಯುದ್ಧ. ಕಾಲ ಕೆಳಗೆ ನೆಲ ಇದ್ದರೆ ನಮಗೇನು ತೊಂದರೆ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಇದನ್ನು ಮಕ್ಕಳನ್ನೇ ಕೇಳಿ ನೋಡಿದವರಿದ್ದಾರೆ. 1960ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಎಲಿನರ್ ಗಿಬ್ಸನ್ ಮತ್ತು ರಿಚರ್ಡ್ ವಾಕ್ ಒಂದು ಪ್ರಯೋಗದ ಬಗ್ಗೆ ಬರೆದರು. ಎತ್ತರದಲ್ಲಿ ದಪ್ಪ ಗಾಜು ಹಾಸಿ, ಅರ್ಧಕ್ಕೆ ಗಾಜಿನ ಅಡಿಗೇ ಚೌಕುಳಿ ಹಾಳೆ ಅಂಟಿಸಿದ್ದರು, ಇನ್ನರ್ಧ ಪ್ರಪಾತದ ಹಾಗೆ ಕಾಣಲಿ ಅಂತ ಅದೇ ಚೌಕುಳಿಯನ್ನು ಕೆಳಗೆ ನೆಲದ ಮೇಲೆ ಹಾಸಿದ್ದರು. 6ರಿಂದ 14 ತಿಂಗಳ 36 ಮಕ್ಕಳನ್ನು ಮಧ್ಯೆ ಕೂರಿಸಿ ತಾಯಂದಿರಿಂದ ಕರೆಸಿದರು. ಜಾಗ ಬಿಟ್ಟು ಕದಲಿದ್ದು 27. ಅದರಲ್ಲಿ ಪ್ರಪಾತದ ಕಡೆ ಅಂಬೆಗಾಲಿಟ್ಟಿದ್ದು ಬರೀ 3. ಹುಟ್ಟಿ ಒಂದು ದಿನ ಆಗಿದ್ದ ಮೇಕೆಮರಿಗಳಂತೂ ಏನು ಮಾಡಿದರೂ ಆ ಗಾಜಿಗೆ ಕಾಲಿಡಲಿಲ್ಲ. ಮೇಕೆಮರಿಗೆ ಮೊದಲನೇ ದಿನವೇ ಬಂದ ಬುದ್ಧಿಯನ್ನು ನಾವು ನಲವತ್ತು ವರ್ಷ ಆದಮೇಲೆ, ರಜೆ ಹಾಕಿ, ಸಾಲ ಮಾಡಿ, ಸಾಲಿನಲ್ಲಿ ನಿಂತು ಕಳೆದುಕೊಳ್ಳೋಕೆ ಹೊರಟಿದ್ದೇವೆ.

ಸಾಲು ಅಂದರೆ ಅಂತಿಂಥ ಸಾಲಲ್ಲ. ಚೀನಾದ ಝಾಂಗ್‌ಜಿಯಾಜಿಯೆಯ ಸೇತುವೆ 430 ಮೀಟರ್ ಉದ್ದ, ಕೆಳಗೆ 300 ಮೀಟರ್ ಕಂದರ. ಜನಕ್ಕೆ ಧೈರ್ಯ ಬರಲಿ ಅಂತ ಮೊದಲೇ ಸುತ್ತಿಗೆ ಕೊಟ್ಟು ಗಾಜಿಗೆ ಹೊಡೆಸಿದರು. ಒಡೆದ ಗಾಜಿನ ಮೇಲೆ ಕಾರನ್ನೂ ಓಡಿಸಿದರು. ಮೂರು ಪದರ ಗಾಜನ್ನು ಒಂದಕ್ಕೊಂದು ಅಂಟಿಸಿರುತ್ತಾರೆ, ಮೇಲಿನದು ಒಡೆದರೂ ಕೆಳಗಿನವು ಹೊರುತ್ತವೆ. ಅದು ಸರಿ. 2016ರ ಆಗಸ್ಟ್ 20ಕ್ಕೆ ಬಾಗಿಲು ತೆರೆದರು, ದಿನಕ್ಕೆ 8,000 ಜನ ಅಂತ ಲೆಕ್ಕ. ಬಂದವರು ಅದರ ಹತ್ತು ಪಟ್ಟು. 13 ದಿನಕ್ಕೇ ಮುಚ್ಚಿದರು. ಗಾಜು ಗಟ್ಟಿಯಾಗೇ ಇತ್ತು, ತಡೆಯೋಕೆ ಆಗದೆ ಇದ್ದದ್ದು ಜನರನ್ನ.

ಆಮೇಲೆ ಇನ್ನೊಂದು ಫಜೀತಿ. ಅಲ್ಲಿ ಬೆಟ್ಟಕ್ಕೊಂದು ಗಾಜಿನ ಸೇತುವೆ ಬಂದು ಜನಕ್ಕೆ ಹೆದರಿಕೆಯೇ ಸಾಲದೆ ಹೋಯಿತು. 2017ರಲ್ಲಿ ಹೆಬೆಯ್ ಪ್ರಾಂತ್ಯದ ಪೂರ್ವ ತೈಹಾಂಗ್ ಬೆಟ್ಟದವರು ಒಂದು ಉಪಾಯ ಮಾಡಿದರು. ಕಾಲಿಟ್ಟ ಕೂಡಲೇ ಗಾಜು ಬಿರುಕು ಬಿಟ್ಟ ಹಾಗೆ ಕಾಣಬೇಕು, ಚಟಚಟ ಸದ್ದೂ ಬರಬೇಕು. ಜನ ಕಿರುಚಿಕೊಂಡು ಗಾಜಿನ ಮೇಲೇ ಬಿದ್ದರು, ವಿಡಿಯೊ ಊರೆಲ್ಲಾ ಹರಿದಾಡಿತು, ಕೊನೆಗೆ ಬೆಟ್ಟದವರೇ ಕ್ಷಮೆ ಕೇಳಿದರು. ಬಿರುಕಿಗೂ ಯಂತ್ರ ಬೇಕಾ? ನಮ್ಮ ಶಿರಾಡಿ ಘಾಟಿಯಲ್ಲಿ 2021ರ ಜುಲೈನಲ್ಲಿ ದೋಣಿಗಲ್ ಹತ್ತಿರ ಹೆದ್ದಾರಿಯ ಅಂಚೇ ಕುಸಿದು ಕೂತಿತ್ತು. ಬಿರುಕು ಅಪ್ಪಟ, ಸದ್ದು ಅಪ್ಪಟ, ಪ್ರಪಾತವೂ ಅಪ್ಪಟ, ಟಿಕೆಟ್ ಇಲ್ಲ. ಹಾಗಿದ್ದೂ ಯಾರೂ ಅದನ್ನು ಪ್ರವಾಸಿ ತಾಣ ಅನ್ನಲಿಲ್ಲ. ಪ್ರಚಾರ ಸಾಲದು ಅಷ್ಟೇ.

ಇಲ್ಲೇ ಕಟ್ಟಿದರು ಅಂತಲೇ ಇಟ್ಟುಕೊಳ್ಳಿ. 2015ರಲ್ಲಿ ಚೀನಾದ ಯುಂಟೈ ಬೆಟ್ಟದಲ್ಲಿ ಹೊಸ ಗಾಜಿನ ದಾರಿ ತೆರೆದು ಎರಡು ವಾರ ಆಗಿತ್ತು, ಯಾರೋ ಒಬ್ಬರ ಕೈಯಿಂದ ಸ್ಟೀಲ್ ಲೋಟ ಜಾರಿ ಬಿದ್ದು ಮೇಲಿನ ಪದರ ಸೀಳಿತು. ಒಂದು ಲೋಟಕ್ಕೇ ಹೀಗೆ! ನಮ್ಮವರು ಗಿರಿ ಹತ್ತುವಾಗ ಪುಳಿಯೋಗರೆ ಡಬರಿ, ನಾಲ್ಕು ಅಂತಸ್ತಿನ ಕ್ಯಾರಿಯರ್, ಅಜ್ಜಿಗೆ ಕೂರೋಕೆ ಕಬ್ಬಿಣದ ಕುರ್ಚಿ ಎಲ್ಲಾ ಹೊತ್ತುಕೊಂಡು ಬರುವವರು. ಗಾಜು ಗೀಚದಿರಲಿ ಅಂತ ಕಾಲಿಗೆ ಬಟ್ಟೆ ಚೀಲ ಹಾಕಿಕೊಳ್ಳಿ ಅಂದರೆ ಅದರಲ್ಲೇ ಕಡ್ಲೆಕಾಯಿ ತುಂಬಿಕೊಂಡು ಹೋಗುತ್ತಾರೆ. ಗುಟ್ಕಾ ಉಗುಳಿದ ಮೇಲೆ ಪ್ರಪಾತ ಯಾವ ಬಣ್ಣಕ್ಕೆ ಕಾಣುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅದಕ್ಕಿಂತ ದೊಡ್ಡ ವಿಷಯ ಮಂಜು. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಗಿರಿಗಳಲ್ಲಿ ಎದುರಿಗೆ ನಿಂತ ಭಾವನ ಮುಖವೇ ಕಾಣುವುದಿಲ್ಲ. ಆಗ ಗಾಜಿನ ಸೇತುವೆ ಅಂದರೆ ಬಚ್ಚಲುಮನೆ ಕಿಟಕಿ ಗಾಜನ್ನು ನೆಲಕ್ಕೆ ಹಾಸಿದ ಹಾಗೆ. ಮೇಲೆ ಬಿಳಿ, ಕೆಳಗೆ ಬಿಳಿ, ಜೊತೆಗೆ ಇಂಬಳ. ಪಾಪ, ಬೆಂಗಳೂರಿನಿಂದ ರಾತ್ರಿಯೆಲ್ಲಾ ಗಾಡಿ ಓಡಿಸಿಕೊಂಡು ಬಂದವರು ಕಂಬಿ ಹಿಡಿದು ನಿಂತು, "ಇಲ್ಲಿ ಹೆದರ್ಕೋಬೇಕಾ, ಇನ್ನೂ ಮುಂದೆ ಹೋಗ್ಬೇಕಾ?" ಅಂತ ಕೇಳುತ್ತಾರೆ. ಮಂಜಿಲ್ಲದ ದಿನ ಗಾಳಿ. 2021ರ ಮೇ ತಿಂಗಳಲ್ಲಿ ಚೀನಾದ ಜಿಲಿನ್ ಪ್ರಾಂತ್ಯದ ಪಿಯಾನ್ ಬೆಟ್ಟದಲ್ಲಿ ಬಿರುಗಾಳಿಗೆ ಸೇತುವೆಯ ಗಾಜುಗಳೇ ಹಾರಿಹೋಗಿ, ಒಬ್ಬ ಮನುಷ್ಯ ಕಂಬಿಗೆ ಜೋತುಬಿದ್ದು ನಿಂತಿದ್ದ ಫೋಟೊ ಲೋಕವೆಲ್ಲಾ ನೋಡಿತು. ಪುಣ್ಯಕ್ಕೆ ಬದುಕಿ ಈಚೆಗೆ ಬಂದ. ಹೆಬೆಯ್‌ನವರು ಅದಕ್ಕೂ ಮುಂಚೆಯೇ ತಮ್ಮಲ್ಲಿದ್ದ 32 ಗಾಜಿನ ತಾಣಗಳನ್ನು ಸುರಕ್ಷತೆ ತಪಾಸಣೆಗೆ ಅಂತ ಮುಚ್ಚಿದ್ದರು. ಅವರು ಬೀಗ ಹಾಕುವ ಹೊತ್ತಿಗೆ ನಾವು ಬೀಗದ ಕೈ ಕೇಳುತ್ತಿದ್ದೇವೆ.

ನನ್ನ ತಕರಾರು ಗಾಜಿನ ಮೇಲಲ್ಲ, ಸೇತುವೆ ಅನ್ನೋದರ ಮೇಲೆ. ಕನ್ಯಾಕುಮಾರಿಯದ್ದನ್ನು ನಾನು ಒಪ್ಪುತ್ತೇನೆ. 37 ಕೋಟಿ ಖರ್ಚು ಮಾಡಿ, 77 ಮೀಟರ್ ಕಟ್ಟಿ, 2024ರ ಕೊನೆಗೆ ತೆರೆದರು. ವಿವೇಕಾನಂದರ ಬಂಡೆಯಲ್ಲಿ ಹತ್ತಿದರೆ ತಿರುವಳ್ಳುವರ್ ಪ್ರತಿಮೆ ಹತ್ತಿರ ಇಳಿಯಬಹುದು, ಮಧ್ಯೆ ಸಮುದ್ರ ಇದೆ, ಕೆಲಸಕ್ಕೆ ಬಂತು. ಆದರೆ ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್‌ನಲ್ಲಿ 2007ರಲ್ಲಿ ಕಟ್ಟಿದ್ದು ಕುದುರೆ ಲಾಳದ ಆಕಾರ. ಈ ಕಡೆ ಹತ್ತಿ, ಪ್ರಪಾತದ ಅಂಚಿನಿಂದ 21 ಮೀಟರ್ ಹೊರಗೆ ಹೋಗಿ, ತಿರುಗಿ ಅದೇ ಕಡೆ ಇಳಿಯಬೇಕು. ಕೇರಳದ ವಾಗಮಣ್‌ನಲ್ಲಿ 2023ರಲ್ಲಿ ಮಾಡಿದ್ದಕ್ಕಂತೂ ಆಚೆ ದಡವೇ ಇಲ್ಲ. 40 ಮೀಟರ್ ಗಾಳಿಯಲ್ಲಿ ಹೋಗಿ ನಿಂತುಬಿಡುತ್ತದೆ. ಹೋಗಿ, ಕಿರುಚಿ, ವಾಪಸ್ ಬರಬೇಕು. ಮೊದಲು 500 ರೂಪಾಯಿ ಅಂದಿದ್ದರು, ಆಮೇಲೆ 250ಕ್ಕೆ ಇಳಿಸಿದರು. ಯಾರನ್ನೂ ಎಲ್ಲಿಗೂ ದಾಟಿಸದ ಸೇತುವೆಗೆ 250 ಜಾಸ್ತಿಯೋ ಕಮ್ಮಿಯೋ, ನೀವೇ ಹೇಳಿ.

ದಾಟಿಸುವ ಸೇತುವೆ ಬೇಕಾದರೆ ಮಳೆಗಾಲದಲ್ಲಿ ಕಳಸದ ಕಡೆಗೋ ಮೂಡಿಗೆರೆ ಕಡೆಗೋ ಬನ್ನಿ. ನಮ್ಮ ಕಾಲುಸಂಕ ತೋರಿಸುತ್ತೇನೆ. ಎರಡು ಅಡಿಕೆ ಮರ, ಪಕ್ಕಕ್ಕೆ ಒಂದು ಕಾಡುಮರದ ದಿಮ್ಮಿ. ಕೈ ಹಿಡಿಯೋಕೆ ಬಿದಿರಿನ ಗಳ, ಅದನ್ನು ಹಳೇ ಕೇಬಲ್ ಟಿವಿ ವೈರಿನಲ್ಲಿ ಬಿಗಿದಿರುತ್ತಾರೆ. ಪಾಚಿಗೆ ಜಾರದಿರಲಿ ಅಂತ ಮೇಲೆ ಗೋಣಿಚೀಲ ಸುತ್ತಿ ಮೊಳೆ ಹೊಡೆದಿರುತ್ತಾರೆ. ಬೆಳಿಗ್ಗೆ ಡೇರಿಗೆ ಹಾಲು ಹಾಕೋಕೆ ಹೋಗುವ ಹೆಂಗಸರು ಚಪ್ಪಲಿ ಬಿಚ್ಚಿ ಕ್ಯಾನಿನ ಹಿಡಿಗೆ ಸಿಕ್ಕಿಸಿಕೊಂಡು, ಹೆಬ್ಬೆರಳನ್ನು ಮರದ ಅಂಚಿಗೆ ಒತ್ತಿ, ಅಡ್ಡಡ್ಡ ಹೆಜ್ಜೆ ಇಡುತ್ತಾರೆ. ಕೆಳಗೆ ಕೆಂಪು ನೀರು. ಕೆಳಗೆ ಮಾತ್ರ ನೋಡಬಾರದು, ಹರಿಯುವ ನೀರು ನೋಡಿದರೆ ಸಂಕವೇ ಮೇಲಕ್ಕೆ ಓಡಿದ ಹಾಗಾಗಿ ತಲೆ ಸುತ್ತುತ್ತದೆ ಅಂತ ಇಲ್ಲಿ ಮಕ್ಕಳಿಗೆ ಮೊದಲೇ ಹೇಳಿಕೊಡುತ್ತಾರೆ. ಬೇರೆ ಕಡೆ ಕೆಳಗೆ ನೋಡೋಕೇ ದುಡ್ಡು.

ಇದನ್ನು ಸರಿಯಾಗಿ ಮಾಡೋಕೆ ಬರುವುದಿಲ್ಲ ಅಂತೇನಿಲ್ಲ. ಘಟ್ಟದ ಕೆಳಗೆ ಸುಳ್ಯದ ಗಿರೀಶ್ ಭಾರದ್ವಾಜ್ ಅವರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ತೂಗುಸೇತುವೆ ಕಟ್ಟಿದರು. ಆಮೇಲೆ ಹಳ್ಳಿಗಳಿಗೆ ಅಂಥವನ್ನು ನೂರಕ್ಕೂ ಜಾಸ್ತಿ ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ಅವುಗಳ ಮೇಲೂ ನಡೆದರೆ ತೂಗುತ್ತದೆ, ಕೆಳಗೆ ಹೊಳೆಯೂ ಕಾಣುತ್ತದೆ. ನಿಂತು ಕಿರುಚೋಕೆ ಮಾತ್ರ ಯಾರಿಗೂ ಪುರುಸೊತ್ತಿಲ್ಲ, ಆಚೆ ಬಸ್ಸು ಬಂದಿರುತ್ತದೆ.

ಒಂದು ಗಟ್ಟಿ ಸಂಕ ಮಾಡಿಕೊಡಿ ಅಂತ ಅರ್ಜಿ ಹಿಡಿದು ಕಚೇರಿಗೆ ಹೋದರೆ ಮೊದಲ ಪ್ರಶ್ನೆ, "ಆಚೆ ಎಷ್ಟು ಮನೆ ಇದಾವೆ?" ಏಳೆಂಟು ಮನೆ ಅಂದರೆ ಅನುದಾನ ಇಲ್ಲ. ಗಾಜಿನ ಸೇತುವೆಯ ಆಚೆ ಎಷ್ಟು ಮನೆ ಅಂತ ಕೇಳಿದವರನ್ನು ನಾನಂತೂ ನೋಡಿಲ್ಲ.

ಹೇಗಿದ್ದರೂ ಇಂಥದ್ದಕ್ಕೆಲ್ಲಾ ಮೊದಲು ಅಧ್ಯಯನ ಪ್ರವಾಸ ಆಗಲೇಬೇಕು, ಅದೂ ಚೀನಾಕ್ಕೇ ಆಗಬೇಕು. ಆಗಲಿ, ಬೇಡ ಅನ್ನುವುದಿಲ್ಲ. ಹೊರಡುವ ಮುಂಚೆ ಒಂದು ಸಣ್ಣ ಪರೀಕ್ಷೆ ಮಾತ್ರ ಇಡೋಣ. ಪುಷ್ಯ ಮಳೆ ಹುಯ್ಯುವಾಗ, ಒಂದು ಕೈಯಲ್ಲಿ ಹಾಲಿನ ಕ್ಯಾನು, ಇನ್ನೊಂದರಲ್ಲಿ ಕೊಡೆ ಹಿಡಿದು ಸಂಕ ದಾಟಬೇಕು. ಹಾಲು ಚೆಲ್ಲದೆ ದಾಟಿದವರಿಗೆ ವೀಸಾ. ಬಿದ್ದವರನ್ನು ಎತ್ತೋಕೆ ಕೆಳಗಡೆ ಊರಿನ ಹುಡುಗರನ್ನು ನಿಲ್ಲಿಸುತ್ತೇವೆ. ಅವರ ಕೂಲಿ ಮಾತ್ರ ಮೊದಲೇ ಕೊಡಬೇಕು, ಹೋದ ಸಲ ರಸ್ತೆಗೆ ಬಿದ್ದ ಮರ ತೆಗೆದ ಬಿಲ್ಲು ಇನ್ನೂ ಪಾಸಾಗಿಲ್ಲ.